ಸ್ತ್ರೀಯರ ಗರ್ಭಾಶಯಭ್ರಂಶವೂ ಕಿರುರಂಧ್ರ ಶಸ್ತ್ರಚಿಕಿತ್ಸೆಯೂ

(ಮಹೋತ್ಸವದ ಅಂಗವಾಗಿ ಜರುಗಿದ ಮಹಿಳಾಗೋಷ್ಠಿಯಲ್ಲಿ ಮಾಡಲ್ಪಟ್ಟ ಉಪನ್ಯಾಸ)



ಹೇಳಿಕೊಳ್ಳಬಹುದಾದ ರೋಗಗಳೆಂದೂ ಹೇಳಿಕೊಳ್ಳಲಾಗದ ರೋಗಗಳೆಂದೂ ಎರಡು ವಿಭಾಗಗಳು ಯಾವ ವೈದ್ಯಗ್ರಂಥದಲ್ಲಿಯೂ ಇಲ್ಲ. ಆದರೆ ಮನೆಗಳಲ್ಲಿ ಈ ವಿಭಾಗವು ಬಹುಕಾಲದಿಂದ ನಡೆದುಬಂದಿರುವುದು. ಕೈ ಮುರಿದರೆ ಊರಿಗೆಲ್ಲ ತೋರಿಸುತ್ತಾರೆ. ಕಣ್ಣಿಗೆ ಪೊರೆ ಬಂದರೆ ನೆರೆಮನೆಯವರೇ ಕೈಹಿಡಿದು ವೈದ್ಯನಲ್ಲಿಗೆ ಕರೆದೊಯ್ಯುತ್ತಾರೆ. ಗರ್ಭಚೀಲವು ತನ್ನ ಸ್ಥಾನದಿಂದ ಕೆಳಗೆ ಜಾರಿದಾಗ ಮಾತ್ರ ಹೆಣ್ಣುಮಗಳು ಅದನ್ನು ಗಂಡನಿಗೆ ಹೇಳುವುದಿಲ್ಲ, ಹೆತ್ತ ಮಗಳಿಗೂ ಹೇಳುವುದಿಲ್ಲ. ವರ್ಷಗಟ್ಟಲೆ ಬಟ್ಟೆಯನ್ನು ಕಟ್ಟಿಕೊಂಡು, ಹೊರಗೆ ಬಂದುದನ್ನು ಬೆರಳಿನಿಂದ ಒಳಗೆ ತಳ್ಳಿಕೊಂಡು, ಅಡಿಗೆಯನ್ನೂ ಹೊಲದ ಕೆಲಸವನ್ನೂ ಮಾಡುತ್ತಾ ಇರುವಳು. ಎಂದಾದರೂ ಒಮ್ಮೆ ಬಾಯಿಬಿಟ್ಟರೆ, “ವಯಸ್ಸಾತವ್ವಾ, ಇದೆಲ್ಲಾ ಇರೂದ, ಸುಮ್ಕಿರು” ಎಂಬ ಉತ್ತರವು ಮನೆಯ ಹಿರಿಯಳಿಂದಲೇ ಬರುವುದು. ಆ ಹಿರಿಯಳೂ ಅದನ್ನೇ ಅನುಭವಿಸಿ ಸುಮ್ಮನಿದ್ದವಳಾಗಿರುವ ಸಂಭವವುಂಟು. ಜನನಸೂತಕ ರಜಸ್ಸೂತಕಗಳನ್ನು ಇಲ್ಲವೆಂದು ತಳ್ಳಿಹಾಕಿದ ಶರಣರ ಪರಂಪರೆಯ ಮನೆಗಳಲ್ಲಿಯೂ ಈ ನಾಚಿಕೆಯೊಂದು ಉಳಿದುಕೊಂಡಿರುವುದು ಆಶ್ಚರ್ಯವೇ ಸರಿ. ಆದುದರಿಂದ ಈ ವಿಷಯವನ್ನು ಸಭೆಯಲ್ಲಿ, ಗಂಡಸರೂ ಕುಳಿತಿರುವಾಗಲೇ, ಮುಚ್ಚುಮರೆಯಿಲ್ಲದೆ ಪ್ರಸ್ತಾಪಿಸುವುದು ಯುಕ್ತವೆನಿಸುವುದು.

ಮೊದಲು ರೋಗದ ಸ್ವರೂಪವನ್ನು ತಿಳಿಯತಕ್ಕದ್ದು. ಸ್ತ್ರೀಯ ಕಟಿಪ್ರದೇಶದ ಎಲುಬಿನ ಬೋಗುಣಿಯೊಳಗೆ ಮುಂದುಗಡೆ ಮೂತ್ರಾಶಯವೂ, ನಡುವೆ ಗರ್ಭಾಶಯವೂ, ಹಿಂದುಗಡೆ ಮಲಾಶಯವೂ ಇರುವುವು. ಈ ಬೋಗುಣಿಗೆ ತಳವಿಲ್ಲ. ತಳದಲ್ಲಿ ಎಲುಬಿಗೆ ಬದಲಾಗಿ ಮಾಂಸಪೇಶಿಗಳು ಜೋಲಿಯಂತೆ ಹರಡಿಕೊಂಡಿರುತ್ತವೆ. ಮೇಲಿನಿಂದ ಗರ್ಭಾಶಯದ ಕೊರಳನ್ನು ತ್ರಿಕಾಸ್ಥಿಗೂ ಪಕ್ಕದ ಗೋಡೆಗಳಿಗೂ ಬಿಗಿಯುವ ನಾರುಕಟ್ಟುಗಳು ಬೇರೆ ಉಂಟು. ಕೆಳಗಿನಿಂದ ಜೋಲಿಯು ಹೊರುವುದು, ಮೇಲಿನಿಂದ ಕಟ್ಟುಗಳು ಹಿಡಿಯುವುವು. ಇಲ್ಲಿ ಒಂದು ಮಾತು ಹೇಳುವುದವಶ್ಯ: ಸುಶ್ರುತನು ಸ್ನಾಯುವೆಂದುದು ಕಟ್ಟುವ ನಾರನ್ನು, ಮಾಂಸಕ್ಕೆ ಅವನ ಹೆಸರು ಪೇಶಿ, ಇಂದಿನ ಕನ್ನಡದಲ್ಲಿ ಮಾಂಸಕ್ಕೇ ಸ್ನಾಯುವೆಂದು ಹೇಳುವ ರೂಢಿ ಬಿದ್ದಿರುವುದರಿಂದ ಹಳೆಯ ಗ್ರಂಥವನ್ನೂ ಹೊಸ ಪುಸ್ತಕವನ್ನೂ ಒಟ್ಟಿಗೆ ಓದುವವರಿಗೆ ಗೊಂದಲವಾಗುವುದು. ಈ ಉಪನ್ಯಾಸದಲ್ಲಿ ಪೇಶಿಯೆಂದರೆ ಮಾಂಸ, ಕಟ್ಟು ಎಂದರೆ ನಾರು.

ಈ ಎರಡು ಆಧಾರಗಳಲ್ಲಿ ಒಂದಾಗಲಿ ಎರಡಾಗಲಿ ಸಡಿಲವಾದರೆ ಮೇಲಿನ ಅಂಗವು ಯೋನಿಮಾರ್ಗಕ್ಕೆ ಇಳಿಯುವುದು. ಮುಂದಿನ ಗೋಡೆ ಸಡಿಲಿದರೆ ಮೂತ್ರಾಶಯವು ಉಬ್ಬಿಬರುವುದು. ಹಿಂದಿನ ಗೋಡೆ ಸಡಿಲಿದರೆ ಮಲಾಶಯವು. ಮೇಲಿನ ಕಟ್ಟು ಸಡಿಲಿದರೆ ಗರ್ಭಾಶಯವೇ. ಗರ್ಭಾಶಯವನ್ನು ಹಿಂದೆಯೇ ತೆಗೆಸಿಕೊಂಡವಳಲ್ಲಿ ಯೋನಿಯ ಮೇಲ್ತುದಿಯೇ ಕಾಲುಚೀಲವನ್ನು ಒಳಹೊರಗು ಮಾಡಿದಂತೆ ತಿರುಗಿ ಹೊರಬರಬಹುದು. ಲಕ್ಷಣಗಳನ್ನು ಹೆಂಗಸರೇ ಸ್ಪಷ್ಟವಾಗಿ ಹೇಳಬಲ್ಲರು: ಕುಳಿತರೆ ಚೆಂಡಿನ ಮೇಲೆ ಕುಳಿತಂತೆ; ಬೆಳಗ್ಗೆ ಎದ್ದಾಗ ಹಗುರ, ಸಂಜೆಗೆ ಭಾರ; ಸೊಂಟದಲ್ಲಿ ಸೆಳೆತ; ಮೂತ್ರವು ಪೂರ್ತಿಯಾಗಿ ಹೋಗದೆ ಮತ್ತೆ ಮತ್ತೆ ಏಳಬೇಕಾಗುವುದು, ಇಲ್ಲವೆ ಕೆಮ್ಮಿದಾಗ ತಾನಾಗಿ ಸೋರುವುದು; ಮಲವಿಸರ್ಜನೆಗೆ ಬೆರಳಿನಿಂದ ಒತ್ತಬೇಕಾಗುವುದು. ಹೊರಬಂದ ಭಾಗವು ಬಟ್ಟೆಗೆ ಉಜ್ಜಿ ಹುಣ್ಣಾಗುವುದೂ ಉಂಟು. ಪ್ರಾಣಕ್ಕೆ ತಕ್ಷಣ ಅಪಾಯವಿಲ್ಲವೆಂಬ ಕಾರಣದಿಂದಲೇ ಇದು ಉಪೇಕ್ಷೆಗೆ ಗುರಿಯಾಗಿದೆ. ಪ್ರಾಣ ತೆಗೆಯದ ರೋಗವು ಬದುಕನ್ನು ತೆಗೆಯಲಾರದೆಂದು ಯಾರು ಹೇಳಿದರು?

ಕಾರಣಗಳನ್ನು ನೋಡಿದರೆ ಹೆರಿಗೆಯೇ ಮುಖ್ಯ. ಮಗುವಿನ ತಲೆ ಇಳಿಯುವಾಗ ಪೇಶಿಗಳ ಜೋಲಿಯು ಬಹಳ ಹಿಗ್ಗುವುದು; ಕೆಲವರಲ್ಲಿ ಎಲುಬಿಗೆ ಹತ್ತಿದ ಜಾಗದಿಂದಲೇ ಕಿತ್ತುಬರುವುದು. ಹೆರಿಗೆಗಳ ಸಂಖ್ಯೆ ಹೆಚ್ಚಿದಂತೆ, ನೋವು ಬಹಳ ಹೊತ್ತು ನಡೆದಂತೆ, ಇಕ್ಕಳದಿಂದ ಮಗುವನ್ನು ಎಳೆದಂತೆ ಹಾನಿಯು ಹೆಚ್ಚು. ಮುಟ್ಟು ನಿಂತ ಮೇಲೆ ಶರೀರದಲ್ಲಿನ ಸ್ತ್ರೀರಸವು ಕುಗ್ಗಿ ಅಂಗಾಂಶಗಳು ತೆಳುವಾಗುವುದರಿಂದ, ಇಪ್ಪತ್ತೈದರಲ್ಲಿ ಬಿದ್ದ ಪೆಟ್ಟು ಐವತ್ತೈದರಲ್ಲಿ ಬೆಳಕಿಗೆ ಬರುವುದು. ಒಲೆಯ ಹೊಗೆಯಿಂದ ಬಂದ ಬಿಡದ ಕೆಮ್ಮು, ಮಲಬದ್ಧತೆ, ಸ್ಥೂಲದೇಹ, ದಿನವೂ ಹೊರುವ ಭಾರ, ಇವೆಲ್ಲ ಹೊಟ್ಟೆಯೊಳಗಿನ ಒತ್ತಡವನ್ನು ಹೆಚ್ಚಿಸಿ ಸಡಿಲಾದುದನ್ನು ಇನ್ನಷ್ಟು ಸಡಿಲಿಸುವುವು. ಹುಟ್ಟಿನಿಂದಲೇ ನಾರು ದುರ್ಬಲವಾಗಿರುವವರಲ್ಲಿ ಒಂದು ಹೆರಿಗೆಯೂ ಆಗದೆ ಇದು ಬರುವುದುಂಟು. ಆದರೆ ಅಂಥವರು ವಿರಳ.

ನೇಪಾಳ ದೇಶದ ಬೆಟ್ಟದ ಹಳ್ಳಿಗಳಲ್ಲಿ ಬಾಣಂತಿಯರು ಹೆತ್ತ ಕೆಲವೇ ದಿನಗಳಲ್ಲಿ ಸೌದೆ, ನೀರು, ಗೊಬ್ಬರಗಳ ಬುಟ್ಟಿಯನ್ನು ಬೆನ್ನಿಗೇರಿಸಿಕೊಂಡು ಹತ್ತಿಳಿಯಬೇಕಾಗಿದ್ದುದರಿಂದ ಎಳೆಯ ವಯಸ್ಸಿನವರಲ್ಲಿಯೇ ಈ ರೋಗವು ವ್ಯಾಪಕವಾಗಿ ಕಂಡುಬಂದಿತು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ೨೦೦೮ರಲ್ಲಿ, ಇದು ಸ್ತ್ರೀಯರ ಪ್ರಜನನಹಕ್ಕಿಗೆ ಸಂಬಂಧಿಸಿದ ವಿಷಯವೆಂದು ತೀರ್ಪಿತ್ತು, ಚಿಕಿತ್ಸೆಗೂ ತಿಳಿವಳಿಕೆಗೂ ಏರ್ಪಾಡು ಮಾಡಬೇಕೆಂದು ಸರಕಾರಕ್ಕೆ ಆಜ್ಞಾಪಿಸಿತು. ಗುಟ್ಟಾಗಿದ್ದ ಒಂದು ನೋವು ನ್ಯಾಯಪೀಠದ ಮುಂದೆ ಬಂದು ನಿಂತ ಈ ಸಂಗತಿಯು ಗಮನಾರ್ಹವಾದುದು. ಈ ನಾಡಿನ ಬಾಣಂತಿತನದ ಪದ್ಧತಿಯಲ್ಲಿ ತವರಿನಲ್ಲಿ ಕೆಲವು ತಿಂಗಳು ವಿಶ್ರಾಂತಿ ಕೊಡುವ ಸಂಪ್ರದಾಯವಿದೆಯಲ್ಲವೇ ಎಂದು ಕೇಳಬಹುದು. ಉಂಟು, ಆದರೆ ಅದು ಚೊಚ್ಚಲ ಹೆರಿಗೆಗೆ, ಅನುಕೂಲಸ್ಥರ ಮನೆಗೆ. ಮೂರನೆಯ ನಾಲ್ಕನೆಯ ಹೆರಿಗೆಯಾದ ಕೂಲಿಯ ಹೆಂಗಸಿಗೆ ಆ ಆರೈಕೆ ಎಲ್ಲಿಂದ ಬರಬೇಕು?

ಪ್ರಾಚೀನರಿಗೆ ಈ ರೋಗವು ತಿಳಿಯದಿರಲಿಲ್ಲ. ಚರಕನೂ ಸುಶ್ರುತನೂ ಯೋನಿವ್ಯಾಪತ್ತುಗಳು ಇಪ್ಪತ್ತೆಂದು ಎಣಿಸಿರುವರು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೩೦ನೆಯ ಅಧ್ಯಾಯದಲ್ಲಿಯೂ, ಸುಶ್ರುತಸಂಹಿತೆಯ ಉತ್ತರತಂತ್ರದ ೩೮ನೆಯ ಅಧ್ಯಾಯದಲ್ಲಿಯೂ ಈ ವಿಚಾರವಿದೆ. ಸುಶ್ರುತನು ಹೇಳುವ ಪ್ರಸ್ರಂಸಿನಿಯು ಜಾರುವ ಯೋನಿ. ಕ್ಷೋಭೆಗೊಂಡಾಗ ಅದು ಸ್ಥಾನ ಬಿಡುವುದೆಂದೂ, ಪ್ರಸವವು ಕಷ್ಟವಾಗುವುದೆಂದೂ ಅವನು ಸೂಚಿಸುವನು. ಚರಕನ ಮಹಾಯೋನಿಯೂ ಇದೇ ಜಾತಿಗೆ ಸೇರಿದುದು. ಸ್ಥಾನಭ್ರಷ್ಟವಾದ ಯೋನಿಯು ಸ್ತ್ರೀಗೆ ಶಲ್ಯದಂತೆ, ಎಂದರೆ ಮೈಯಲ್ಲಿ ಮುರಿದು ಉಳಿದ ಮುಳ್ಳಿನಂತೆ ಎಂದು ಚರಕನು ಅಭಿಪ್ರಾಯಪಡುವನು. ಇದಕ್ಕಿಂತ ಸರಿಯಾದ ಹೋಲಿಕೆಯು ಸಿಕ್ಕುವುದು ಕಷ್ಟ. ಸ್ನೇಹನ ಸ್ವೇದನಗಳನ್ನು ಮಾಡಿ, ಬಾಗಿದುದನ್ನು ಕೈಯಿಂದ ನೆಟ್ಟಗೆ ಮಾಡಬೇಕು, ಹೊರಬಂದುದನ್ನು ಒಳಸೇರಿಸಬೇಕು ಎಂಬುದು ಅವನ ಕ್ರಮ. ಸುಶ್ರುತನೋ ತುಪ್ಪವನ್ನು ಸವರಿ, ಹಾಲಿನ ಆವಿಯಿಂದ ಬೆವರಿಸಿ, ಒಳಗೆ ಸೇರಿಸಿದ ಮೇಲೆ ವೇಶವಾರವೆಂಬ ಮುದ್ದೆಯಿಂದ ಮುಚ್ಚಿ ಬಂಧವನ್ನು ಕಟ್ಟಬೇಕೆನ್ನುವನು. ಸ್ತ್ರೀಯರಿಗೆ ಪುರುಷರಿಗಿಂತ ಇಪ್ಪತ್ತು ಪೇಶಿಗಳು ಹೆಚ್ಚೆಂದೂ, ಅವುಗಳಲ್ಲಿ ಹತ್ತು ಸ್ತನಗಳಲ್ಲಿ, ನಾಲ್ಕು ಅಪತ್ಯಪಥದಲ್ಲಿ ಇರುವುವೆಂದೂ ಶಾರೀರಸ್ಥಾನದಲ್ಲಿ ಎಣಿಸಿದವನೂ ಅವನೇ. ಎಣಿಕೆಯು ಇಂದಿನ ಶಾರೀರಶಾಸ್ತ್ರಕ್ಕೆ ಹೊಂದದಿದ್ದರೂ, ಪ್ರಸವಮಾರ್ಗವನ್ನು ಪೇಶಿಗಳು ಹಿಡಿದಿವೆಯೆಂಬ ಅರಿವು ಅಲ್ಲಿದೆ.

ಗ್ರೀಸಿನ ವೈದ್ಯರಲ್ಲಿ ಕೆಲವರು ದ್ರಾಕ್ಷಾರಸದಲ್ಲಿ ನೆನೆಸಿದ ಅರ್ಧ ದಾಳಿಂಬೆಯನ್ನು ಒಳಗಿರಿಸುತ್ತಿದ್ದರು. ಮತ್ತೆ ಕೆಲವರು ಹೆಂಗಸನ್ನು ಏಣಿಗೆ ತಲೆಕೆಳಗಾಗಿ ಕಟ್ಟಿ ಅಲುಗಾಡಿಸುತ್ತಿದ್ದರು. ಎರಡನೆಯ ಶತಮಾನದ ಸೊರಾನಸ್ ಎಂಬ ವೈದ್ಯನು ಈ ಕ್ರೂರಕ್ರಮವನ್ನು ಖಂಡಿಸಿದನು. ಒಟ್ಟಿನಲ್ಲಿ ಹಳೆಯ ಕಾಲದವರು ಒಳಕ್ಕೆ ಸೇರಿಸಬಲ್ಲವರಾಗಿದ್ದರು. ಅಲ್ಲಿಯೇ ನಿಲ್ಲಿಸುವ ಉಪಾಯವು ಅವರಿಗೆ ಪೂರ್ತಿಯಾಗಿ ಸಿಕ್ಕಿರಲಿಲ್ಲ. ಸಂಹಿತೆಗಳಲ್ಲಿ ಎಲ್ಲವೂ ಇದೆಯೆಂದು ಹೇಳುವ ಅಭಿಮಾನಿಗಳು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಂಹಿತೆಗಳ ಗೌರವಕ್ಕೇನೂ ಕುಂದಿಲ್ಲ.

ಇಂದಿನ ವೈದ್ಯರು ಜಾರಿಕೆಯನ್ನು ೧೯೯೬ರಲ್ಲಿ ಗೊತ್ತುಮಾಡಿದ ಒಂದು ಅಳತೆಯಂತೆ ನಾಲ್ಕು ಹಂತಗಳಾಗಿ ವಿಂಗಡಿಸುವರು. ಯೋನಿದ್ವಾರದಿಂದ ಒಂದು ಸೆಂಟಿಮೀಟರಿಗಿಂತ ಮೇಲೆಯೇ ನಿಂತರೆ ಮೊದಲನೆಯದು. ದ್ವಾರದ ಹತ್ತಿರ ಹತ್ತಿರಕ್ಕೆ ಬಂದರೆ ಎರಡನೆಯದು. ದಾಟಿ ಹೊರಬಂದರೆ ಮೂರನೆಯದು. ಸಂಪೂರ್ಣವಾಗಿ ಹೊರಬಿದ್ದರೆ ನಾಲ್ಕನೆಯದು. ಮೊದಲೆರಡು ಹಂತಗಳಲ್ಲಿ ಬಹುಮಂದಿಗೆ ಕತ್ತಿಯ ಕೆಲಸವೇ ಬೇಕಾಗಿಲ್ಲ. ಅಮೇರಿಕಾ ದೇಶದ ಅರ್ನಾಲ್ಡ್ ಕೆಗೆಲ್ ಎಂಬ ವೈದ್ಯನು ೧೯೪೮ರಲ್ಲಿ ಪ್ರಕಟಿಸಿದ ವ್ಯಾಯಾಮವು ಪ್ರಸಿದ್ಧವಾಗಿದೆ: ಮೂತ್ರವನ್ನೂ ಅಧೋವಾಯುವನ್ನೂ ತಡೆಹಿಡಿಯುವಂತೆ ತಳದ ಪೇಶಿಗಳನ್ನು ಒಳಮೇಲಕ್ಕೆ ಸೆಳೆದು, ಕೆಲವು ಕ್ಷಣ ಹಿಡಿದು, ಸಡಿಲಿಸಿ, ಹೀಗೆ ದಿನಕ್ಕೆ ಮೂರು ಸಲ ಹತ್ತು ಹತ್ತು ಬಾರಿ ತಿಂಗಳುಗಟ್ಟಲೆ ಮಾಡುವುದು. (ಯೋಗಾಭ್ಯಾಸಿಗಳಿಗೆ ಮೂಲಬಂಧವು ನೆನಪಾದರೆ ಅದು ಸಹಜ.) ಇಂಗ್ಲಂಡ್ ಮೊದಲಾದ ಮೂರು ದೇಶಗಳ ಆಸ್ಪತ್ರೆಗಳು ಕೂಡಿ ನಡೆಸಿ ೨೦೧೪ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಈ ವ್ಯಾಯಾಮವನ್ನು ಒಬ್ಬೊಬ್ಬರಿಗೂ ಕಲಿಸಿಕೊಟ್ಟಾಗ ಜಾರಿಕೆಯ ಬಾಧೆಯು ಕಡಿಮೆಯಾಯಿತೆಂದು ಕಂಡುಬಂದಿದೆ. ಇನ್ನೊಂದು ಉಪಾಯವು ಒಳಗೆ ಇರಿಸುವ ಸಿಲಿಕೋನಿನ ಬಳೆ. ಇದಕ್ಕೆ ಪೆಸ್ಸರಿಯೆಂದು ಹೆಸರು. ದಾಳಿಂಬೆಯ ಹೋಳಿನ ಸಂತತಿಯೇ ಇದು. ಸರಿಯಾದ ಅಳತೆಯದನ್ನು ಹಾಕಿ, ಆಗಾಗ್ಗೆ ತೆಗೆದು ತೊಳೆದು, ವೈದ್ಯರಿಂದ ನೋಡಿಸಿಕೊಳ್ಳುತ್ತಿದ್ದರೆ ವೃದ್ಧೆಯರಿಗೂ, ಹೃದ್ರೋಗಾದಿಗಳಿಂದ ಶಸ್ತ್ರಕ್ರಿಯೆಗೆ ಯೋಗ್ಯರಲ್ಲದವರಿಗೂ ಇದು ಬಹಳ ನೆಮ್ಮದಿಯನ್ನು ಕೊಡುವುದು. ಹಾಕಿಸಿಕೊಂಡು ಮರೆತುಬಿಟ್ಟರೆ ಮಾತ್ರ ಒಳಗೆ ಹುಣ್ಣು ಮಾಡುವುದು.

ಇಷ್ಟರಿಂದ ಗುಣವಾಗದವರಿಗೆ ಶಸ್ತ್ರಚಿಕಿತ್ಸೆಯೇ ಗತಿ. ಜರ್ಮನಿಯ ಲಾಂಗೆನ್‌ಬೆಕ್ ಎಂಬವನು ೧೮೧೩ರಲ್ಲಿ ಯೋನಿಮಾರ್ಗದಿಂದಲೇ ಗರ್ಭಾಶಯವನ್ನು ತೆಗೆದನು. ಆ ಮೇಲೆ ಅರಿವಳಿಕೆಯೂ ಕ್ರಿಮಿನಾಶಕವೂ ಬಂದು ಆ ಕ್ರಮವು ಸುಲಭವಾಗಿ, ಗರ್ಭಚೀಲ ಜಾರಿತೆಂದರೆ ತೆಗೆದುಬಿಡುವುದೇ ರೂಢಿಯಾಯಿತು. ಇಲ್ಲಿ ಸ್ವಲ್ಪ ವಿಚಾರ ಮಾಡಬೇಕು. ಗೋಡೆಯ ಗೂಟವು ಸಡಿಲಿ ಅದಕ್ಕೆ ತಗಲಿಸಿದ ಚೀಲವು ಕೆಳಗೆ ಬಿದ್ದರೆ, ಚೀಲವನ್ನು ಹೊರಗೆಸೆದ ಮಾತ್ರಕ್ಕೆ ಗೂಟವು ಗಟ್ಟಿಯಾಗುವುದೇ? ಗರ್ಭಾಶಯವು ಜಾರಿದುದು ಅದರ ದೋಷದಿಂದಲ್ಲ, ಅದನ್ನು ಹಿಡಿದ ಕಟ್ಟುಗಳ ದೋಷದಿಂದ. ತೆಗೆದ ಮೇಲೆ ಆ ಕಟ್ಟುಗಳನ್ನು ಯೋನಿಯ ಮೇಲ್ತುದಿಗೆ ಭದ್ರವಾಗಿ ಹೊಲಿಯದಿದ್ದರೆ ಕೆಲವು ವರ್ಷಗಳಲ್ಲಿ ಆ ತುದಿಯೇ ಜಾರುವುದು. ಅಮೇರಿಕದ ಒರೆಗಾನ್ ಪ್ರಾಂತದ ಲೆಕ್ಕಗಳನ್ನು ಪರಿಶೋಧಿಸಿ ೧೯೯೭ರಲ್ಲಿ ಪ್ರಕಟಿಸಿದ ವರದಿಯಂತೆ, ಎಂಬತ್ತು ವರ್ಷದೊಳಗೆ ಜಾರಿಕೆಗಾಗಲಿ ಮೂತ್ರ ಸೋರುವುದಕ್ಕಾಗಲಿ ಶಸ್ತ್ರಕ್ರಿಯೆ ಮಾಡಿಸಿಕೊಳ್ಳಬೇಕಾಗಿ ಬರುವ ಸ್ತ್ರೀಯರು ನೂರಕ್ಕೆ ಸುಮಾರು ೧೧. ಹಾಗೆ ಮಾಡಿಸಿಕೊಂಡವರಲ್ಲಿ ನೂರಕ್ಕೆ ಸುಮಾರು ೨೯ ಮಂದಿಯದು ಪುನಃ ಮಾಡಿದ ಶಸ್ತ್ರಕ್ರಿಯೆ. ಮೊದಲನೆಯ ಸಲವೇ ಮೂಲವನ್ನು ಹಿಡಿಯಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಇನ್ನೂ ಮಕ್ಕಳಾಗಬೇಕಾದ ಎಳೆಯ ಹೆಂಗಸಿಗೆ ಈ ರೋಗ ಬಂದರೆ ಗರ್ಭಾಶಯವನ್ನು ತೆಗೆಯುವ ಮಾತೇ ಇಲ್ಲ. ಭಾರತದಲ್ಲಿ ಇಂಥವರು ಬಹಳ ಮಂದಿ ಇದ್ದುದರಿಂದ ಇಲ್ಲಿಯ ವೈದ್ಯರೇ ಅದಕ್ಕೆ ದಾರಿ ಹುಡುಕಿದರು. ೧೮೯೯ರಲ್ಲಿ ಗೋವೆಯ ಶಿರೋಡೆಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಶಾಲೆಯ ವಿದ್ಯಾಭ್ಯಾಸ ಮಾಡಿ, ಮುಂಬಯಿಯಲ್ಲಿ ಕೀರ್ತಿವಂತರಾದ ಡಾಕ್ಟರ್ ವಿಠ್ಠಲ ನಾಗೇಶ ಶಿರೋಡ್ಕರ್ ಅವರು ಗರ್ಭಾಶಯದ ಕೊರಳಿನ ಹಿಂಭಾಗಕ್ಕೆ ಒಂದು ಪಟ್ಟಿಯನ್ನು ಹೊಲಿದು, ಅದನ್ನು ತ್ರಿಕಾಸ್ಥಿಯ ನೆತ್ತಿಯ ಕಡೆಗೆ ಒಯ್ದು ಬಿಗಿಯುವ ಜೋಲಿಯನ್ನು ಕಲ್ಪಿಸಿದರು. ಗರ್ಭಪಾತವನ್ನು ತಡೆಯುವ ಅವರ ಹೊಲಿಗೆಯು ಲೋಕಪ್ರಸಿದ್ಧವಾಗಿದೆ. ಈ ಜೋಲಿಯ ಕೀರ್ತಿಯು ಅಷ್ಟಾಗಿ ಹಬ್ಬಲಿಲ್ಲ. ಮುಂಬಯಿಯ ಡಾಕ್ಟರ್ ಬಿ. ಎನ್. ಪುರಂದರೆಯವರು ಹೊಟ್ಟೆಯ ಮುಂಗೋಡೆಗೆ ಕಟ್ಟುವ ಮತ್ತೊಂದು ಕ್ರಮವನ್ನು ರೂಢಿಗೆ ತಂದರು. ೧೯೬೨ರಲ್ಲಿ ಅಮೇರಿಕದ ಲೇನ್ ಎಂಬ ವೈದ್ಯನು ಗರ್ಭಾಶಯ ತೆಗೆದ ಸ್ತ್ರೀಯರ ಯೋನಿಯ ಮೇಲ್ತುದಿಯನ್ನು ತ್ರಿಕಾಸ್ಥಿಗೆ ಬಿಗಿಯುವ ಕ್ರಮವನ್ನು ಪ್ರಕಟಿಸಿದನು. ಗೂಟಕ್ಕೆ ಎಲುಬೇ ಆಧಾರವಾದುದರಿಂದ ಇದು ಬಾಳಿಕೆ ಬಂದಿತು. ಆದರೆ ಈ ಎಲ್ಲವುಗಳಿಗೂ ಹೊಟ್ಟೆಯನ್ನು ಗೇಣುದ್ದ ಸೀಳಬೇಕಾಗಿತ್ತು. ಆ ಗಾಯದ ಭಯದಿಂದಲೇ ಎಷ್ಟೋ ಹೆಂಗಸರು ವೈದ್ಯರ ಬಾಗಿಲಿಗೆ ಹೋಗದೆ ಉಳಿದರು.

ಈ ಭಯವನ್ನು ಬಹುಮಟ್ಟಿಗೆ ಕಳೆದುದು ಕಿರುರಂಧ್ರ ಶಸ್ತ್ರಚಿಕಿತ್ಸೆ. ಆಂಗ್ಲ ವೈದ್ಯರು ಇದಕ್ಕೆ ಲ್ಯಾಪರೋಸ್ಕೋಪಿ ಎನ್ನುವರು. ಕನ್ನಡದಲ್ಲಿ ಉದರದರ್ಶಕವೆಂಬ ಹೆಸರು ಸಂತಾನನಿಯಂತ್ರಣ ಶಿಬಿರಗಳ ಮೂಲಕ ಹಳ್ಳಿಗಳಿಗೂ ತಲುಪಿದೆ. ೧೯೦೧ರಲ್ಲಿ ಜರ್ಮನಿಯ ಗೆಯೋರ್ಗ್ ಕೆಲ್ಲಿಂಗ್ ಎಂಬವನು ನಾಯಿಯೊಂದರ ಹೊಟ್ಟೆಯೊಳಗೆ ಗಾಳಿ ತುಂಬಿ, ಮೂತ್ರಾಶಯವನ್ನು ನೋಡುವ ನಳಿಗೆಯಿಂದ ಒಳಗಿನ ಅಂಗಗಳನ್ನು ನೋಡಿದನು. ೧೯೧೦ರಲ್ಲಿ ಸ್ವೀಡನ್ನಿನ ಜಾಕೋಬಿಯಸ್ ಎಂಬವನು ಮನುಷ್ಯರಲ್ಲಿ ಇದನ್ನು ಪ್ರಯೋಗಿಸಿದನು. ಇಂಗ್ಲಂಡಿನ ಹಾಪ್ಕಿನ್ಸ್ ಎಂಬ ಭೌತಶಾಸ್ತ್ರಜ್ಞನು ಗಾಜಿನ ಕಡ್ಡಿಗಳ ಮಸೂರವನ್ನು ಕಲ್ಪಿಸಿದ ಮೇಲೆ ನೋಟವು ತಿಳಿಯಾಯಿತು. ಜರ್ಮನಿಯ ಕೀಲ್ ನಗರದ ಸ್ತ್ರೀರೋಗತಜ್ಞ ಕುರ್ಟ್ ಸೆಮ್ ಎಂಬವನು ೧೯೮೦ರಲ್ಲಿ ಈ ಕಿಂಡಿಗಳಿಂದಲೇ ಅಪೆಂಡಿಕ್ಸನ್ನು ತೆಗೆದಾಗ ತಜ್ಞರಲ್ಲಿ ಅನೇಕರು ಅವನನ್ನು ಹಳಿದರು. ೧೯೮೮ರಲ್ಲಿ ಅಮೇರಿಕದ ಹ್ಯಾರಿ ರೈಕ್ ಗರ್ಭಾಶಯವನ್ನು ಹೀಗೆ ತೆಗೆದನು. ಭಾರತದಲ್ಲಿ ೧೯೯೦ರಲ್ಲಿ ಮುಂಬಯಿಯ ಡಾಕ್ಟರ್ ತೆಹೆಮ್ಟನ್ ಉಡ್ವಾಡಿಯಾ ಅವರು ಪಿತ್ತಕೋಶವನ್ನು ತೆಗೆದು ತೋರಿಸಿದರು. ೧೯೯೪ರಲ್ಲಿ ನೆಜಾತ್ ಎಂಬ ವೈದ್ಯನೂ ಅವನ ಜತೆಗಾರರೂ ಯೋನಿಯ ಮೇಲ್ತುದಿಯನ್ನು ತ್ರಿಕಾಸ್ಥಿಗೆ ಬಿಗಿಯುವ ಹಳೆಯ ಕ್ರಮವನ್ನೇ ಕಿರುರಂಧ್ರಗಳಿಂದ ನೆರವೇರಿಸಿದುದನ್ನು ಪ್ರಕಟಿಸಿದರು.

ಶಸ್ತ್ರಕ್ರಿಯೆಯು ನಡೆಯುವ ಬಗೆಯನ್ನು ತಿಳಿದರೆ ಅಂಜಿಕೆಯು ಕಡಿಮೆಯಾಗುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುವುದೊಳ್ಳೆಯದು. ರೋಗಿಗೆ ಪೂರ್ಣ ಅರಿವಳಿಕೆ ಕೊಟ್ಟು, ಮೂತ್ರಕ್ಕೆ ನಳಿಗೆ ಹಾಕಿ, ಮೇಜನ್ನು ತಲೆಯ ಕಡೆಗೆ ತಗ್ಗಿಸುವರು. ಗ್ರೀಸಿನವರ ಏಣಿಯು ಇಲ್ಲಿ ಸೌಮ್ಯರೂಪದಲ್ಲಿ ತಿರುಗಿ ಬಂದಂತಿದೆ. ಆದರೆ ಈಗಿನ ಉದ್ದೇಶವು ಗರ್ಭಾಶಯವನ್ನು ಅಲುಗಿಸುವುದಲ್ಲ, ಕರುಳುಗಳು ಎದೆಯ ಕಡೆಗೆ ಸರಿದು ಕೆಲಸದ ಸ್ಥಳವು ತೆರವಾಗಲೆಂದು. ಹೊಕ್ಕುಳದಲ್ಲಿ ಒಂದು ಸೆಂಟಿಮೀಟರಿನಷ್ಟು ಕೊಯ್ದು, ಇಂಗಾಲಾಮ್ಲ ವಾಯುವನ್ನು ತುಂಬಿ, ಹೊಟ್ಟೆಯ ಗೋಡೆಯನ್ನು ಡೇರೆಯಂತೆ ಮೇಲೆತ್ತುವರು. ಆ ರಂಧ್ರದಿಂದ ದೀಪವೂ ಕ್ಯಾಮರಾವೂ ಉಳ್ಳ ನಳಿಗೆಯು ಒಳಗೆ ಹೋಗುವುದು. ಒಳಗಿನದೆಲ್ಲವೂ ಪರದೆಯ ಮೇಲೆ ಅನೇಕಪಾಲು ದೊಡ್ಡದಾಗಿ ಕಾಣುವುದು. ಅಕ್ಕಪಕ್ಕದಲ್ಲಿ ಅರ್ಧ ಸೆಂಟಿಮೀಟರಿನ ಎರಡು ಮೂರು ರಂಧ್ರಗಳು ಇಕ್ಕಳ, ಕತ್ತರಿ, ಸೂಜಿಗಳಿಗಾಗಿ.

ಮೊದಲು ಕರುಳನ್ನು ಎಡಕ್ಕೆ ಸರಿಸಿ ತ್ರಿಕಾಸ್ಥಿಯ ನೆತ್ತಿಯನ್ನು ಕಂಡುಹಿಡಿಯುವರು. ಇದೇ ಅತ್ಯಂತ ಎಚ್ಚರದ ಸ್ಥಳ. ಬಲಕ್ಕೆ ಮೂತ್ರನಾಳ, ಎಡಕ್ಕೆ ಕಾಲಿನಿಂದ ಬರುವ ಹಿರಿಯ ಅಭಿಧಮನಿ, ನಟ್ಟನಡುವೆ ಎಲುಬಿಗೆ ಅಂಟಿಕೊಂಡ ಕಿರುರಕ್ತನಾಳಗಳು. ಇವುಗಳ ನಡುವಿನ ಕೆಲವೇ ಬೆರಳಗಲದ ತೆರವಿನಲ್ಲಿ ಪರೆಯನ್ನು ಬಿಡಿಸಿ ಬಿಳಿಯ ನಾರುಕಟ್ಟನ್ನು ತೋರಿಸಿಕೊಳ್ಳಬೇಕು. ಅನಂತರ ಯೋನಿಯ ಮುಂದುಗಡೆ ಮೂತ್ರಾಶಯವನ್ನೂ ಹಿಂದುಗಡೆ ಮಲಾಶಯವನ್ನೂ ಬಿಡಿಸಿ, ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದ ಪಾಲಿಪ್ರೊಪಿಲೀನ್ ಎಂಬ ನೂಲಿನ ಜಾಳಿಗೆಯ ಎರಡು ಕವಲುಗಳನ್ನು ಮುಂದಕ್ಕೂ ಹಿಂದಕ್ಕೂ ಹೊಲಿಯುವರು. ಮೂರನೆಯ ತುದಿಯನ್ನು ಎಲುಬಿನ ಮೇಲಿನ ಆ ನಾರಿಗೆ ಬಿಗಿಯುವರು. ಎಳೆದು ಬಿಗಿಯಲಾಗದು, ಅಂಗವು ತನ್ನ ಸಹಜಸ್ಥಾನದಲ್ಲಿ ನಿಲ್ಲುವಷ್ಟೇ ಹಿಡಿತ. ಕೊನೆಗೆ ಕರುಳು ಜಾಳಿಗೆಗೆ ಸಿಕ್ಕಿಕೊಳ್ಳದಂತೆ ಪರೆಯನ್ನು ಮತ್ತೆ ಅದರ ಮೇಲೆ ಹೊಲಿದು ಮುಚ್ಚುವರು. ಗರ್ಭಾಶಯವು ಆರೋಗ್ಯವಾಗಿದ್ದು ಸ್ತ್ರೀಯು ಅದನ್ನು ಉಳಿಸಿಕೊಳ್ಳಬೇಕೆಂದರೆ ಅದರ ಕೊರಳನ್ನೇ ಹೀಗೆ ಎತ್ತಿಕಟ್ಟಬಹುದು. ಜಾಳಿಗೆಯನ್ನು ಬಳಸದೆ, ಸ್ವಂತ ಕಟ್ಟುಗಳನ್ನೇ ಮೋಟುಮಾಡಿ ಹೊಲಿಯುವ ಕ್ರಮವೂ ಉಂಟು. ಯಂತ್ರದ ತೋಳುಗಳಿಂದ ಮಾಡುವ ರೋಬಾಟ್ ವಿಧಾನವು ದೊಡ್ಡ ಪಟ್ಟಣಗಳಲ್ಲಿ ಬಂದಿದೆ. ವೈದ್ಯನ ಕೈಗೆ ಅನುಕೂಲ, ರೋಗಿಯ ಕೈಗೆ ಭಾರ.

ಇದೆಲ್ಲಕ್ಕೂ ಸುಮಾರು ಎರಡರಿಂದ ಮೂರು ಗಂಟೆ ಹಿಡಿಯುವುದು. ಮರುದಿನವೇ ರೋಗಿಯು ಎದ್ದು ನಡೆಯುವಳು. ಒಂದೆರಡು ದಿನಗಳಲ್ಲಿ ಮನೆಗೆ ಹೋಗುವವರೇ ಹೆಚ್ಚು. ಹೊಟ್ಟೆ ಸೀಳಿ ಮಾಡುವ ಕ್ರಮವನ್ನೂ ಇದನ್ನೂ ಇಂಗ್ಲಂಡಿನಲ್ಲಿ ಹೋಲಿಸಿ ನೋಡಿ ೨೦೧೩ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದು ವರ್ಷದ ನಂತರದ ಫಲವು ಎರಡರಲ್ಲಿಯೂ ಸಮಾನವೆಂದೂ, ಕಿರುರಂಧ್ರದಲ್ಲಿ ರಕ್ತನಷ್ಟವೂ ಆಸ್ಪತ್ರೆಯ ವಾಸವೂ ಕಡಿಮೆಯೆಂದೂ ತಿಳಿದುಬಂದಿತು. ಇದರಿಂದ ಗ್ರಹಿಸಬೇಕಾದುದೇನೆಂದರೆ, ಒಳಗೆ ಮಾಡುವ ಕೆಲಸವು ಒಂದೇ. ಬಾಗಿಲು ಮಾತ್ರ ಬೇರೆ. ರಂಧ್ರವು ಚಿಕ್ಕದೆಂದು ಶಸ್ತ್ರಕ್ರಿಯೆಯೂ ಚಿಕ್ಕದೆಂದು ತಿಳಿಯುವವರು ತಪ್ಪುತ್ತಾರೆ. ಮೂತ್ರಾಶಯ, ಕರುಳು, ಮೂತ್ರನಾಳ, ರಕ್ತನಾಳಗಳಿಗೆ ಪೆಟ್ಟಾಗುವ ಸಂಭವವು ಇದರಲ್ಲಿಯೂ ಉಂಟು. ಕೆಲವೊಮ್ಮೆ ನಡುವೆಯೇ ಹೊಟ್ಟೆಯನ್ನು ತೆರೆಯಬೇಕಾಗಬಹುದು. ಜಾರಿಕೆ ಸರಿಯಾದ ಮೇಲೆ, ಅದುವರೆಗೆ ಮಡಿಚಿಕೊಂಡಿದ್ದ ಮೂತ್ರಮಾರ್ಗವು ನೆಟ್ಟಗಾಗಿ, ಕೆಮ್ಮಿದಾಗ ಮೂತ್ರ ಸೋರುವ ತೊಂದರೆಯು ಕೆಲವರಲ್ಲಿ ಹೊಸದಾಗಿ ಕಾಣಿಸುವುದು. ಇದನ್ನು ಮುಂಚಿತವಾಗಿ ಹೇಳದಿದ್ದರೆ, ಆಪರೇಷನ್ನು ಕೆಟ್ಟಿತೆಂದೇ ಅವಳು ಭಾವಿಸುವಳು.

ಜಾಳಿಗೆಯ ವಿಷಯದಲ್ಲಿ ದೊಡ್ಡ ವಿವಾದವು ನಡೆದಿರುವುದರಿಂದ ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಈ ಜಾಳಿಗೆಯನ್ನು ಯೋನಿಯ ಮೂಲಕವೇ ಒಳಸೇರಿಸುವ ಸುಲಭಸಾಧನಗಳನ್ನು ವ್ಯಾಪಾರಿಗಳು ಮಾರಿದರು. ಸಾವಿರಾರು ಸ್ತ್ರೀಯರಲ್ಲಿ ಅದು ಗೋಡೆಯನ್ನು ಕೊರೆದು ಹೊರಬಂದು, ನೋವು, ರಕ್ತ, ದಾಂಪತ್ಯದಲ್ಲಿ ಬಾಧೆಗಳನ್ನುಂಟುಮಾಡಿತು. ಅಮೇರಿಕದ ಔಷಧಾಡಳಿತವು ೨೦೦೮ರಲ್ಲಿಯೂ ೨೦೧೧ರಲ್ಲಿಯೂ ಎಚ್ಚರಿಕೆ ಕೊಟ್ಟು, ೨೦೧೯ರ ಏಪ್ರಿಲಿನಲ್ಲಿ ಜಾರಿಕೆಗಾಗಿ ಯೋನಿಯ ಮೂಲಕ ಹಾಕುವ ಜಾಳಿಗೆಗಳ ಮಾರಾಟವನ್ನೇ ನಿಲ್ಲಿಸಬೇಕೆಂದು ಆಜ್ಞಾಪಿಸಿತು. ಇಂಗ್ಲಂಡಿನಲ್ಲಿ ೨೦೧೮ರಲ್ಲಿ ತಡೆ ಬಿದ್ದು, ೨೦೨೦ರಲ್ಲಿ ಹೊರಬಂದ ವಿಚಾರಣಾವರದಿಯು, ಆ ಸ್ತ್ರೀಯರ ಮಾತನ್ನು ವರ್ಷಗಟ್ಟಲೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವೆಂದು ಹೇಳಿತು. ಹೇಳಿಕೊಳ್ಳದೆ ನರಳುವುದು ಒಂದು ದುಃಖ. ಹೇಳಿಕೊಂಡರೂ ಕೇಳುವವರಿಲ್ಲದಿರುವುದು ಅದಕ್ಕಿಂತ ದೊಡ್ಡದು. ಹೊಟ್ಟೆಯ ಕಡೆಯಿಂದ ತ್ರಿಕಾಸ್ಥಿಗೆ ಬಿಗಿಯುವ ಜಾಳಿಗೆಯು ಈ ನಿಷೇಧಕ್ಕೆ ಒಳಪಟ್ಟಿಲ್ಲ. ಅದರಲ್ಲಿ ಇಂಥ ಬಾಧೆಯು ಕಡಿಮೆ. ಕಡಿಮೆಯೆಂದರೆ ಇಲ್ಲವೆಂದಲ್ಲ. ಅಮೇರಿಕದಲ್ಲಿ ಹೊಟ್ಟೆ ತೆರೆದು ಮಾಡಿಸಿಕೊಂಡವರನ್ನು ಏಳು ವರ್ಷ ಹಿಂಬಾಲಿಸಿ ೨೦೧೩ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಜಾಳಿಗೆಯು ಗೋಡೆಯನ್ನು ಕೊರೆಯುವ ಸಂಭವವು ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು. ಆದುದರಿಂದ ಯಾವ ಜಾಳಿಗೆ, ಯಾವ ಮಾರ್ಗ, ಜಾಳಿಗೆಯಿಲ್ಲದೆ ಸಾಧ್ಯವೇ, ಇಂಥ ಶಸ್ತ್ರಕ್ರಿಯೆಯನ್ನು ವೈದ್ಯರು ಎಷ್ಟು ಮಂದಿಗೆ ಮಾಡಿದ್ದಾರೆ, ಎಂದು ಕೇಳುವುದು ಅವಿಧೇಯತೆಯಲ್ಲ. ಯೋಗ್ಯ ವೈದ್ಯನು ಇದಕ್ಕೆ ಮುನಿಯುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು: ಗರ್ಭಾಶಯವನ್ನು ತೆಗೆಯುವುದು ಅವಶ್ಯವೇ? ರಾಜಸ್ಥಾನ, ಬಿಹಾರ, ಛತ್ತೀಸಗಢಗಳಲ್ಲಿ ಬಡಹೆಂಗಸರ ಗರ್ಭಾಶಯಗಳನ್ನು ಅನವಶ್ಯಕವಾಗಿ ತೆಗೆದ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿ, ೨೦೨೩ರ ಏಪ್ರಿಲಿನಲ್ಲಿ ಆ ನ್ಯಾಯಾಲಯವು ಇದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ಹೇಳಿತು. ಕರ್ನಾಟಕದ ಕಲಬುರಗಿ ಸೀಮೆಯ ತಾಂಡಾಗಳ ಹೆಂಗಸರೂ ಇದೇ ದೂರನ್ನು ಹೊತ್ತು ಬೀದಿಗೆ ಬಂದುದನ್ನು ಈ ಭಾಗದವರು ಮರೆತಿರಲಾರರು. ಬಿಳಿಸೆರಗಿಗೂ ಸೊಂಟನೋವಿಗೂ ಗರ್ಭಚೀಲವನ್ನೇ ತೆಗೆಸಿಕೊಂಡವಳು ಮುಂದೆ ಅದೇ ಜಾರಿಕೆ ಬಂದಾಗ ಯಾವ ಅಂಗವನ್ನು ತೆಗೆಸಿಕೊಳ್ಳಬೇಕು?

ಶಸ್ತ್ರಕ್ರಿಯೆ ಮುಗಿದ ಮೇಲಿನ ನಿಯಮಗಳು ಕಠಿಣವಲ್ಲ, ಆದರೆ ಪಾಲಿಸುವುದು ಕಠಿಣ. ಮಲಬದ್ಧತೆಯಾಗದಂತೆ ನಾರುಳ್ಳ ಆಹಾರವನ್ನೂ ನೀರನ್ನೂ ಸೇವಿಸಬೇಕು. ಕೆಮ್ಮಿದ್ದರೆ ಶಸ್ತ್ರಕ್ರಿಯೆಗೆ ಮುಂಚೆಯೇ ಗುಣಪಡಿಸಿಕೊಳ್ಳಬೇಕು. ಆರು ವಾರಗಳ ತರುವಾಯ ವೈದ್ಯರು ಪರೀಕ್ಷಿಸಿ ಹೇಳುವವರೆಗೆ ದಾಂಪತ್ಯಸಂಬಂಧವು ಕೂಡದು. ಕೆಗೆಲನ ವ್ಯಾಯಾಮವನ್ನು ವೈದ್ಯರ ಅಪ್ಪಣೆಯಾದ ಮೇಲೆ ಮತ್ತೆ ಹಿಡಿಯಬೇಕು. ರಕ್ತಸ್ರಾವ, ಜ್ವರ, ಮೂತ್ರ ಕಟ್ಟುವುದು, ಬಿಡದ ಸೊಂಟನೋವು, ಇವುಗಳಲ್ಲಿ ಯಾವುದಾದರೂ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮುಖ್ಯವಾಗಿ ಆರು ವಾರದಿಂದ ಮೂರು ತಿಂಗಳವರೆಗೆ ಭಾರವನ್ನು ಎತ್ತಲಾಗದು. ಗಾಯದ ಗುರುತು ಹೊಕ್ಕುಳಲ್ಲಿ ಅಡಗಿಹೋಗುವುದರಿಂದ, ಹತ್ತನೆಯ ದಿನಕ್ಕೆ ಅವಳು ಮನೆಯವರ ಕಣ್ಣಿಗೆ ಆರೋಗ್ಯವಂತಳಾಗಿಯೇ ಕಾಣುವಳು. ಒಳಗಿನ ಹೊಲಿಗೆಗೆ ಅಂಗಾಂಶವು ಕೂಡಿಕೊಳ್ಳಲು ವಾರಗಳೇ ಬೇಕು. ಆ ಮೂರು ತಿಂಗಳು ಬಾವಿಯ ಕೊಡವನ್ನೂ, ಹಿಟ್ಟಿನ ಡಬ್ಬವನ್ನೂ, ಮೊಮ್ಮಗುವನ್ನೂ ಎತ್ತುವವರು ಯಾರೆಂಬುದನ್ನು ಅವಳ ಗಂಡನೂ ಮಕ್ಕಳೂ ಆಸ್ಪತ್ರೆಯ ದಿನವನ್ನು ಗೊತ್ತುಮಾಡುವುದಕ್ಕೆ ಮುಂಚೆಯೇ ಕುಳಿತು ನಿರ್ಧರಿಸಿಕೊಳ್ಳತಕ್ಕದ್ದು.